ಬಣ್ಣ ಬಂದ ಮಾತ್ರಕ್ಕೆ ಪರೀಕ್ಷೆಯಾಗದು

ಕಿಣ್ವ ದುಬಾರಿ, ಇಂಗಾಲ ಅಗ್ಗ. ಕಿಣ್ವ ಬಿಸಿಲಿಗೆ ಕೆಡುತ್ತದೆ, ಇಂಗಾಲ ಕೆಡುವುದಿಲ್ಲ. ಹಾಗಾಗಿ ಕಿಣ್ವದ ಕೆಲಸವನ್ನು ಇಂಗಾಲದ ನ್ಯಾನೋಕಣಗಳಿಗೆ ವಹಿಸಿದರೆ ಬಡವರ ಊರಿಗೂ ರಕ್ತಪರೀಕ್ಷೆ ಮುಟ್ಟುತ್ತದೆ. ನಮ್ಮ ರಸಾಯನಶಾಸ್ತ್ರ ವಿಭಾಗಗಳಲ್ಲಿ, ಸಂಶೋಧನಾ ಪ್ರಸ್ತಾವಗಳಲ್ಲಿ, ವಿಜ್ಞಾನ ಲೇಖನಗಳ ಮೊದಲ ಪ್ಯಾರಾದಲ್ಲಿ ಈ ಮಾತು ಹದಿನೈದು ವರ್ಷಗಳಿಂದ ಯಾರ ತಡೆಯೂ ಇಲ್ಲದೆ ಓಡಾಡುತ್ತಿದೆ. ಕೇಳಲು ಚೆನ್ನಾಗಿದೆ, ನ್ಯಾಯದ ಪರವಾಗಿಯೂ ಇದೆ. ಆದರೆ ಇದು ಸುಳ್ಳು. ಪರೀಕ್ಷೆಯ ಯಾವ ಭಾಗ ಕಷ್ಟ, ಯಾವ ಭಾಗ ಸುಲಭ ಎಂಬುದನ್ನೇ ಈ ವಾದ ತಿರುವುಮುರುವು ಮಾಡಿ ಹೇಳುತ್ತದೆ. ಅದರ ಪರಿಣಾಮವನ್ನು ಕೊನೆಗೆ ಅನುಭವಿಸಬೇಕಾದವರು ಯಾರ ಹೆಸರಿನಲ್ಲಿ ಹಣ ಕೇಳಲಾಗುತ್ತಿದೆಯೋ ಆ ಊರಿನವರೇ.

ಅಂಥ ಒಂದು ಊರನ್ನು ಹೆಸರಿಟ್ಟೇ ಮಾತಾಡೋಣ. ಆಂಡಿಪಟ್ಟಿ. ಮದುರೆಯಿಂದ ತೇನಿಗೆ ಹೋಗುವ ದಾರಿಯಲ್ಲಿ, ಕಣಿವೆ ದಾಟಿದೊಡನೆ ಸಿಗುವ ಊರು. ಪಕ್ಕದಲ್ಲಿ ವೈಗೈ ಅಣೆಕಟ್ಟು. ಸುತ್ತಲಿನ ಚಕ್ಕಂಪಟ್ಟಿ, ಟಿ. ಸುಬ್ಬುಲಾಪುರಗಳಲ್ಲಿ ಹತ್ತಿ ಸೀರೆಯ ಮಗ್ಗಗಳು. ಇನ್ನಷ್ಟು ಪಶ್ಚಿಮಕ್ಕೆ ಹೋದರೆ ಕಂಬಂ ಕಣಿವೆ. ಅಲ್ಲಿನ ಒಕ್ಕಲಿಗರ ಮನೆಗಳಲ್ಲಿ ನೂರಾರು ವರ್ಷಗಳಿಂದ ಕನ್ನಡ ಉಳಿದಿದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸೋಲು ಎಂದರೆ ಏನೆಂದು ಈ ಕ್ಷೇತ್ರಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 1984ರ ಚುನಾವಣೆಯಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಮೂತ್ರಪಿಂಡ ಸೋತು ನ್ಯೂಯಾರ್ಕಿನ ಬ್ರೂಕ್ಲಿನ್ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ಅವರನ್ನು ಗೆಲ್ಲಿಸಿ ಕಳಿಸಿದ್ದು ಇದೇ ಆಂಡಿಪಟ್ಟಿ.

ಇವತ್ತು ಈ ಭಾಗದಲ್ಲಿ ರಕ್ತದ ಸಕ್ಕರೆ ನೋಡುವವರು ಬಿಳಿ ಕೋಟಿನವರಷ್ಟೇ ಅಲ್ಲ. ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು, ನಮ್ಮ ಗಡಿಗೆ ಹೊಂದಿಕೊಂಡ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭಿಸಿತು. ಅಂದಿನಿಂದ ಮಹಿಳಾ ಸ್ವಯಂಸೇವಕಿಯರು ಮನೆಬಾಗಿಲಿಗೆ ಬಂದು ಬಿ.ಪಿ., ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. “ಅಮ್ಮಾ, ಬೆರಳು ಕೊಡಿ” ಎಂದು ಸೂಜಿ ಚುಚ್ಚಿ, ಒಂದು ಮೈಕ್ರೋಲೀಟರಿಗೂ ಕಡಿಮೆ ರಕ್ತವನ್ನು ಸ್ಟ್ರಿಪ್‌ನ ತುದಿಗೆ ಮುಟ್ಟಿಸಿದರೆ ಕೆಲವೇ ಸೆಕೆಂಡಿನಲ್ಲಿ ಅಂಕಿ ಬರುತ್ತದೆ. ಆ ಅಂಕಿ ನೋಡಿಯೇ ಆಕೆ ಮಾತ್ರೆ ಕೊಟ್ಟು ಮುಂದಿನ ಮನೆಗೆ ಹೋಗಬೇಕೋ, ಕಾನಾವಿಲಕ್ಕಿನ ತೇನಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ ಎನ್ನಬೇಕೋ ನಿರ್ಧರಿಸುತ್ತಾಳೆ. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಹೇಳಿತು. ಅವರಲ್ಲಿ ಬಹುಮಂದಿಗೆ ಪ್ರಯೋಗಾಲಯವೆಂದರೆ ಇಂಥ ಒಂದು ಪುಟ್ಟ ಸ್ಟ್ರಿಪ್ಪೇ.

ಇದನ್ನು ಬದಲಿಸುತ್ತೇವೆ ಎನ್ನುವವರ ಕೈಯಲ್ಲಿ ಇರುವುದೇನು? 2004ರಲ್ಲಿ ಇಟಲಿಯ ರಸಾಯನಶಾಸ್ತ್ರಜ್ಞರು ಕಿಣ್ವದಂತೆ ಕೆಲಸ ಮಾಡುವ ಚಿನ್ನದ ನ್ಯಾನೋಕಣಗಳ ಕುರಿತು ಬರೆಯುವಾಗ ‘ನ್ಯಾನೋಜೈಮ್’ ಎಂಬ ಹೆಸರು ಬಳಸಿದರು. 2007ರಲ್ಲಿ ಬೀಜಿಂಗಿನ ಯಾನ್ ಶಿಯುನ್ ಅವರ ತಂಡ, ಕಬ್ಬಿಣದ ಆಕ್ಸೈಡಿನ ಕಣಗಳು ಪೆರಾಕ್ಸಿಡೇಸ್ ಕಿಣ್ವದಂತೆ ನಡೆದುಕೊಳ್ಳುತ್ತವೆ ಎಂದು ತೋರಿಸಿತು. 2010ರಲ್ಲಿ ಚೀನಾದ ಚಾಂಗ್‌ಚುನ್‌ನಲ್ಲಿ ಚು ಶಿಯಾವ್‌ಗಾಂಗ್ ಅವರ ತಂಡ, ಕಾರ್ಬಾಕ್ಸಿಲ್ ಗುಂಪುಗಳನ್ನು ಸೇರಿಸಿದ ಗ್ರಾಫೀನ್ ಆಕ್ಸೈಡ್‌ಗೂ ಅದೇ ಗುಣವಿದೆ ಎಂದು ಪ್ರಕಟಿಸಿ, ಅದರಿಂದ ಗ್ಲೂಕೋಸ್ ಅಳೆದು ತೋರಿಸಿತು. ಅಲ್ಲಿಂದ ಮುಂದೆ ಇಂಗಾಲದ ನಳಿಗೆ, ಇಂಗಾಲದ ಚುಕ್ಕಿ, ಸಾರಜನಕ ಬೆರೆಸಿದ ಇಂಗಾಲ, ಒಂಟಿ ಕಬ್ಬಿಣದ ಪರಮಾಣುಗಳನ್ನು ಕೂರಿಸಿದ ಇಂಗಾಲ, ಹಣ್ಣಿನ ರಸ ಕುದಿಸಿ ತೆಗೆದ ಇಂಗಾಲ, ಸಿಪ್ಪೆ ಸುಟ್ಟು ತೆಗೆದ ಇಂಗಾಲ. 2022ರಲ್ಲಿ ಅಂತಾರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟವಾದ ಐಯುಪಿಎಸಿ, ಭರವಸೆಯ ಹತ್ತು ತಂತ್ರಜ್ಞಾನಗಳ ಪಟ್ಟಿಯಲ್ಲಿ ನ್ಯಾನೋಜೈಮ್‌ಗಳನ್ನೂ ಸೇರಿಸಿತು.

ಪ್ರಯೋಗವನ್ನು ಹತ್ತಿರದಿಂದ ನೋಡಿದರೆ ಅದರ ಆಕರ್ಷಣೆ ಅರ್ಥವಾಗುತ್ತದೆ. ಸಣ್ಣ ನಳಿಕೆಯಲ್ಲಿ ನೀರಿನಂತೆ ತಿಳಿಯಾದ ಬಫರ್. ಅದಕ್ಕೆ ಟಿಎಂಬಿ ಎಂಬ ಬಣ್ಣರಹಿತ ರಾಸಾಯನಿಕ. ಒಂದಿಷ್ಟು ಹೈಡ್ರೋಜನ್ ಪೆರಾಕ್ಸೈಡ್. ಇಷ್ಟಾದರೂ ಏನೂ ಆಗುವುದಿಲ್ಲ. ಅದಕ್ಕೆ ಕಂದುಗಪ್ಪು ಬಣ್ಣದ ಗ್ರಾಫೀನ್ ಆಕ್ಸೈಡ್ ದ್ರಾವಣವನ್ನು ಕೆಲವು ಹನಿ ಬಿಟ್ಟರೆ ಕೆಲವು ನಿಮಿಷಗಳಲ್ಲಿ ನಳಿಕೆ ನೀಲಿಯಾಗುತ್ತದೆ. ಬೆಳಕಿನ ಮಾಪಕವನ್ನು 652 ನ್ಯಾನೋಮೀಟರಿಗೆ ಇಟ್ಟರೆ ಅಂಕಿ ಸಿಗುತ್ತದೆ, ಗೆರೆ ಎಳೆದರೆ ನೇರ ಬರುತ್ತದೆ, ಪ್ರಬಂಧ ಸಿದ್ಧವಾಗುತ್ತದೆ. ಆ ನೀಲಿ ನಿಜ, ಅದರ ಹಿಂದಿನ ರಸಾಯನವೂ ನಿಜ. ಗ್ರಾಫೀನ್ ಚುಕ್ಕಿಗಳ ಮೇಲಿನ ಕಾರ್ಬೊನಿಲ್ ಗುಂಪುಗಳು ಕ್ರಿಯೆ ನಡೆಸುತ್ತವೆ, ಕಾರ್ಬಾಕ್ಸಿಲ್ ಗುಂಪುಗಳು ಪೆರಾಕ್ಸೈಡನ್ನು ಹಿಡಿದಿಡುತ್ತವೆ, ಹೈಡ್ರಾಕ್ಸಿಲ್ ಗುಂಪುಗಳು ಅಡ್ಡಗಾಲಾಗುತ್ತವೆ ಎಂದು ಬಿಡಿಸಿ ತೋರಿಸಿದ 2015ರ ಕೆಲಸವನ್ನು ನಾನು ಗೌರವಿಸುತ್ತೇನೆ. ಅದು ಒಳ್ಳೆಯ ವಿಜ್ಞಾನ. ನನ್ನ ಜಗಳವಿರುವುದು ಆ ನೀಲಿಯಿಂದ ಆಂಡಿಪಟ್ಟಿಯ ಬೆರಳಿನವರೆಗೆ ಒಂದೇ ನೆಗೆತದಲ್ಲಿ ಹಾರುವ ಮಾತಿನ ಜೊತೆ.

ಮೊದಲನೆಯದಾಗಿ, ಗ್ಲೂಕೋಸನ್ನು ಗುರುತಿಸಿದ್ದು ಇಂಗಾಲವಲ್ಲ. ಇಂಗಾಲ ಕಂಡಿದ್ದು ಪೆರಾಕ್ಸೈಡನ್ನು ಮಾತ್ರ. ಆ ಪೆರಾಕ್ಸೈಡ್ ಎಲ್ಲಿಂದ ಬಂತು? ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಗ್ಲೂಕೋಸನ್ನು ಒಡೆದಾಗ ಬಂತು. 2010ರ ಪ್ರಬಂಧದಲ್ಲೂ ಆ ಕಿಣ್ವವಿತ್ತು. ಇಂಗಾಲದ ನ್ಯಾನೋಜೈಮ್‌ನಿಂದ ಸಕ್ಕರೆ ಅಳೆದೆವು ಎಂದು ಆಮೇಲೆ ಬಂದ ಪ್ರಬಂಧಗಳಲ್ಲಿ ಬಹುಪಾಲಿನಲ್ಲೂ ಇದೆ. ನೂರೆಂಟು ಸಕ್ಕರೆಗಳ, ಆಮ್ಲಗಳ, ಪ್ರೋಟೀನುಗಳ ನಡುವೆ ಬೀಟಾ ರೂಪದ ಡಿ-ಗ್ಲೂಕೋಸನ್ನೇ ಆರಿಸಿಕೊಳ್ಳುವ ಕಠಿಣ ಕೆಲಸ ಹಳೆಯ ಕಿಣ್ವದ್ದೇ. ಇಂಗಾಲ ತೆಗೆದುಕೊಂಡಿದ್ದು ಕೊನೆಯ ಸುಲಭದ ಕೆಲಸ, ಬಣ್ಣ ಬರಿಸುವುದು. ಚಕ್ಕಂಪಟ್ಟಿಯ ಮಗ್ಗಕ್ಕೆ ಹೊಸ ಲಾಳಿ ತಂದು ಕೊಟ್ಟವರು ಇನ್ನು ನೇಕಾರರೇ ಬೇಡ ಎಂದು ಸಾರಿದರೆ ಹೇಗೋ, ಕಿಣ್ವವಿಲ್ಲದ ಪರೀಕ್ಷೆ ಎಂಬ ಘೋಷಣೆಯೂ ಹಾಗೆ.

ಅಲ್ಲಿಗೆ ಬಿಸಿಲಿನ ವಾದವೂ ಬಿದ್ದುಹೋಗುತ್ತದೆ. ತೊಂಬತ್ತು ಡಿಗ್ರಿಗೂ ಇಂಗಾಲ ಕೆಡದಿರಬಹುದು. ಪಕ್ಕದಲ್ಲಿ ಕೂತ ಗ್ಲೂಕೋಸ್ ಆಕ್ಸಿಡೇಸ್ ಕೆಟ್ಟರೆ ಆ ಇಂಗಾಲಕ್ಕೆ ಕೆಲಸವೇ ಇಲ್ಲ. ಇನ್ನೊಂದು ವಿಷಯವನ್ನು ಈ ಪ್ರಬಂಧಗಳು ಹೇಳುವುದೇ ಇಲ್ಲ. ಸ್ವಯಂಸೇವಕಿಯ ಚೀಲದಲ್ಲಿರುವ ಇಂದಿನ ಸ್ಟ್ರಿಪ್‌ನಲ್ಲಿ ಪೆರಾಕ್ಸಿಡೇಸ್ ಕಿಣ್ವವೇ ಇಲ್ಲ. ಗ್ಲೂಕೋಸ್ ಆಕ್ಸಿಡೇಸ್ ಅಥವಾ ಗ್ಲೂಕೋಸ್ ಡಿಹೈಡ್ರೋಜಿನೇಸ್ ತೆಗೆದ ಎಲೆಕ್ಟ್ರಾನನ್ನು ಮಧ್ಯವರ್ತಿ ಅಣುವೊಂದು ನೇರವಾಗಿ ವಿದ್ಯುದ್ವಾರಕ್ಕೆ ಒಪ್ಪಿಸುತ್ತದೆ, ಮೀಟರ್ ಆ ಪ್ರವಾಹವನ್ನು ಅಳೆಯುತ್ತದೆ. ಬಣ್ಣ ನೋಡಿ ಅಳೆಯುವ ಕಾಲವನ್ನು ಮನೆಯ ಮೀಟರುಗಳು 1980ರ ದಶಕದ ಕೊನೆಯಿಂದಲೇ ಹಿಂದೆ ಬಿಡತೊಡಗಿದವು. ಸ್ಟ್ರಿಪ್‌ನಲ್ಲಿ ಇಲ್ಲದ ಕಿಣ್ವಕ್ಕೆ ಬದಲಿ ಹುಡುಕಿ ಸ್ಟ್ರಿಪ್ಪನ್ನು ಅಗ್ಗ ಮಾಡಲು ಆಗುವುದಿಲ್ಲ.

ಕಿಣ್ವವನ್ನು ಪೂರ್ತಿ ಕೈಬಿಟ್ಟ ಸಂವೇದಕಗಳೂ ಇವೆ, ನಿಜ. ಇಂಗಾಲದ ಹಾಸಿನ ಮೇಲೆ ನಿಕ್ಕೆಲ್ ಅಥವಾ ತಾಮ್ರದ ಕಣಗಳನ್ನು ಕೂರಿಸಿ ಗ್ಲೂಕೋಸನ್ನು ನೇರವಾಗಿ ಉತ್ಕರ್ಷಿಸುತ್ತಾರೆ. ಇದಕ್ಕೆ ಸಾಮಾನ್ಯವಾಗಿ 0.1 ಮೋಲಾರ್ ಕಾಸ್ಟಿಕ್ ಸೋಡಾ ಬೇಕು, ಅಂದರೆ ಪಿಎಚ್ 13. ನಮ್ಮ ರಕ್ತದ ಪಿಎಚ್ 7.4. ಅಂಥ ಕ್ಷಾರದಲ್ಲಿ ಗ್ಲೂಕೋಸ್ ಒಂದೇ ಅಲ್ಲ, ಫ್ರಕ್ಟೋಸೂ ಉತ್ಕರ್ಷಣೆಗೊಳ್ಳುತ್ತದೆ, ಇತರ ಸಕ್ಕರೆಗಳೂ ಅಮೈನೋ ಆಮ್ಲಗಳೂ ಸಾಲಿಗೆ ಸೇರುತ್ತವೆ.

ಇಂಗಾಲದ ಪೆರಾಕ್ಸಿಡೇಸ್‌ಗಳ ತೊಂದರೆ ಇದರ ತದ್ವಿರುದ್ಧ. ಅವು ಚೆನ್ನಾಗಿ ನೀಲಿ ಬರಿಸುವುದು ಪಿಎಚ್ 4ರ ಆಸುಪಾಸಿನಲ್ಲಿ. ಗ್ಲೂಕೋಸ್ ಆಕ್ಸಿಡೇಸ್‌ಗೆ ಅಷ್ಟು ಹುಳಿ ಒಗ್ಗುವುದಿಲ್ಲ. ಹಾಗಾಗಿ ಪ್ರಯೋಗವನ್ನು ಎರಡು ಹಂತ ಮಾಡುತ್ತಾರೆ: ಮೊದಲು ತಟಸ್ಥ ಬಫರ್‌ನಲ್ಲಿ ಕಿಣ್ವಕ್ಕೆ ಅರ್ಧ ಗಂಟೆ ಬಿಡುವು, ಆಮೇಲೆ ಆಮ್ಲೀಯ ಬಫರ್ ಸುರಿದು ಇಂಗಾಲಕ್ಕೆ ಇನ್ನಷ್ಟು ಹೊತ್ತು. ಚಾವಡಿಯಲ್ಲಿ ಕೂತು ಬೆರಳು ಚಾಚಿದ ಅಜ್ಜಿಯ ಮುಂದೆ ಸ್ವಯಂಸೇವಕಿ ಎರಡು ಬಾಟಲಿ ಬಫರ್, ಪಿಪೆಟ್, ಟೈಮರ್ ಹರಡಿಕೊಂಡು ಕೂರಬೇಕೇ?

ಪ್ರಬಂಧಗಳು ಹೆಮ್ಮೆಯಿಂದ ಮೆರೆಸುವ ಇನ್ನೊಂದು ಅಂಕಿ, ಪತ್ತೆಯ ಕನಿಷ್ಠ ಮಿತಿ. ಗ್ರಾಫೀನ್ ಆಕ್ಸೈಡಿನ ಮೊದಲ ಪ್ರಬಂಧದಲ್ಲಿ ಅದು 1 ಮೈಕ್ರೋಮೋಲಾರ್. ಆಮೇಲಿನವರು ಅದಕ್ಕಿಂತ ಕೆಳಗೆ, ಇನ್ನೂ ಕೆಳಗೆ ಎಂದು ಪೈಪೋಟಿಗಿಳಿದರು. ಊಟಕ್ಕೆ ಮುಂಚೆ ಆರೋಗ್ಯವಂತರ ರಕ್ತದಲ್ಲಿರುವ ಸಕ್ಕರೆ ಡೆಸಿಲೀಟರಿಗೆ ಸುಮಾರು 90 ಮಿಲಿಗ್ರಾಂ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು 5,000 ಮೈಕ್ರೋಮೋಲಾರ್. ನಾವು ಅಳೆಯಬೇಕಾದ್ದು ಆ ಮಿತಿಗಿಂತ ಐದು ಸಾವಿರ ಪಟ್ಟು ಹೆಚ್ಚು. ಇಷ್ಟು ಸೂಕ್ಷ್ಮತೆಯಿಂದ ರೋಗಿಗೆ ದಕ್ಕುವ ಲಾಭ ಏನೂ ಇಲ್ಲ. ಬದಲಿಗೆ ರಕ್ತವನ್ನು ನೂರಾರು ಪಟ್ಟು ನೀರಾಗಿಸಬೇಕಾಗುತ್ತದೆ. ಹೀಗೆ ತೆಳುಮಾಡಿದಾಗ ರಕ್ತದಲ್ಲಿ ಅಡ್ಡಿಪಡಿಸುವ ಎಲ್ಲ ವಸ್ತುಗಳೂ ತೆಳುವಾಗುತ್ತವೆ, ಪ್ರಯೋಗ ಸೊಗಸಾಗಿ ಕೂಡಿಬರುತ್ತದೆ. ನಿಜವಾದ ಸೀರಂನಲ್ಲಿ ಪರೀಕ್ಷಿಸಿದ್ದೇವೆ ಎಂಬ ಸಾಲಿನ ಹಿಂದೆ ಹೆಚ್ಚಾಗಿ ಇರುವುದು ಇದೇ: ಬಹುವಾಗಿ ತೆಳುಮಾಡಿದ ಸೀರಂ, ಅದಕ್ಕೆ ತಾವೇ ಬೆರೆಸಿದ ಗ್ಲೂಕೋಸ್, ಬೆರೆಸಿದಷ್ಟೂ ತಿರುಗಿ ಸಿಕ್ಕಿತು ಎಂಬ ಶೇಕಡಾವಾರು ಕೋಷ್ಟಕ.

ಅಡ್ಡಿಪಡಿಸುವ ವಸ್ತುಗಳು ಎಂದೆ. ವಿಟಮಿನ್ ಸಿ, ಗ್ಲುಟಾಥಯೋನ್, ಸಿಸ್ಟೀನ್‌ನಂಥವು ನೀಲಿಯಾದ ಟಿಎಂಬಿಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಮತ್ತೆ ಬಣ್ಣರಹಿತ ಮಾಡುತ್ತವೆ. ಇದೇ ಸಾಹಿತ್ಯದಲ್ಲಿ ವಿಟಮಿನ್ ಸಿಗೆ ಒಂದು ಸಂವೇದಕ, ಗ್ಲುಟಾಥಯೋನ್‌ಗೆ ಒಂದು, ಸಿಸ್ಟೀನ್‌ಗೆ ಇನ್ನೊಂದು ಎಂದು ಬೇರೆ ಬೇರೆ ಪ್ರಬಂಧಗಳಿವೆ. ಬಳಸಿದ್ದು ಒಂದೇ ಬಣ್ಣ, ನೋಡಿದ್ದು ಒಂದೇ ಮಾಸುವಿಕೆ. ಮಾಸಿದ್ದು ಯಾವುದರಿಂದ ಎಂದು ಹೇಳಲಾಗದ ಪರೀಕ್ಷೆ ಏನನ್ನು ಪತ್ತೆ ಮಾಡಿದಂತಾಯಿತು?

ಆಯ್ಕೆಯಲ್ಲಿ ಚೂರು ಸಡಿಲವಾದರೂ ಏನಾಗುತ್ತದೆ ಎಂಬುದಕ್ಕೆ ಕಿಣ್ವಗಳ ಚರಿತ್ರೆಯಲ್ಲೇ ಕಹಿ ಪಾಠವಿದೆ. ಜಿಡಿಎಚ್-ಪಿಕ್ಯೂಕ್ಯೂ ಎಂಬ ಕಿಣ್ವ ಬಳಸಿದ ಗ್ಲೂಕೋಸ್ ಸ್ಟ್ರಿಪ್‌ಗಳು ಮಾಲ್ಟೋಸನ್ನೂ ಗ್ಲೂಕೋಸೆಂದೇ ಎಣಿಸುತ್ತಿದ್ದವು. ಹೊಟ್ಟೆಯ ಡಯಾಲಿಸಿಸ್‌ಗೆ ಐಕೋಡೆಕ್ಸ್ಟ್ರಿನ್ ದ್ರವ ಹಾಕಿಸಿಕೊಂಡವರ ರಕ್ತದಲ್ಲಿ ಮಾಲ್ಟೋಸ್ ಏರುತ್ತದೆ. ಮೀಟರ್ ಸಕ್ಕರೆ ಹೆಚ್ಚೆಂದು ತೋರಿಸಿತು, ಇನ್ಸುಲಿನ್ ಕೊಟ್ಟರು, ನಿಜವಾದ ಸಕ್ಕರೆ ಪಾತಾಳಕ್ಕಿಳಿಯಿತು. 1997ರಿಂದ 2009ರವರೆಗೆ ಇದಕ್ಕೆ ಸಂಬಂಧಿಸಿ 13 ಸಾವುಗಳು ವರದಿಯಾಗಿವೆ ಎಂದು ಅಮೆರಿಕದ ಎಫ್‌ಡಿಎ 2009ರ ಆಗಸ್ಟ್‌ನಲ್ಲಿ ಎಚ್ಚರಿಕೆ ಹೊರಡಿಸಿತು. ಆ ಕಿಣ್ವ ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ರೂಪುಗೊಂಡ, ಗ್ಲೂಕೋಸಿಗೆಂದೇ ಮಡಿಕೆ ಇರುವ ಪ್ರೋಟೀನು. ಹಾಗಿದ್ದೂ ಎಡವಿತು. ಇಂಗಾಲದ ಹಾಳೆಗೆ ಅಂಥ ಮಡಿಕೆಯೇ ಇಲ್ಲ. ಪೆರಾಕ್ಸೈಡ್ ಎಲ್ಲಿಂದ ಬಂದರೂ ಅದಕ್ಕೆ ಒಂದೇ.

ರಕ್ತ ಬಿಟ್ಟು ತೋಟಕ್ಕೆ ಬನ್ನಿ. ತೇನಿ ಜಿಲ್ಲೆಯ ಹೆಸರು ಬಂದರೆ ಕಂಬಂ ಕಣಿವೆಯ ದ್ರಾಕ್ಷಿಯ ಹೆಸರೂ ಬರುತ್ತದೆ. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಔಷಧಿ ಹೊಡೆಯದೆ ದ್ರಾಕ್ಷಿ ಬೆಳೆಯುವುದು ಎಷ್ಟು ಕಷ್ಟವೆಂದು ಬೆಳೆಗಾರರಿಗೆ ಗೊತ್ತು. ಹಣ್ಣಿನಲ್ಲಿ ಏನು ಉಳಿದಿದೆ ಎಂದು ತೋಟದಲ್ಲೇ ತಿಳಿಯುವಂತಿದ್ದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ನ್ಯಾನೋಜೈಮ್ ಪ್ರಬಂಧಗಳ ಎರಡನೆಯ ದೊಡ್ಡ ಭರವಸೆ ಇದೇ, ಕೀಟನಾಶಕದ ಪತ್ತೆ. ಅದು ನಡೆಯುವ ಬಗೆ ಹೀಗೆ: ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ (ಗಮನಿಸಿ, ಇಲ್ಲೂ ಕಿಣ್ವ) ಒಂದು ಗಂಧಕದ ಅಣುವನ್ನು ಬಿಡುಗಡೆ ಮಾಡುತ್ತದೆ, ಆ ಅಣು ಇಂಗಾಲ ತಂದ ನೀಲಿಯನ್ನು ಮಾಸಿಸುತ್ತದೆ. ಆರ್ಗನೋಫಾಸ್ಫರಸ್ ಕೀಟನಾಶಕವಿದ್ದರೆ ಕಿಣ್ವ ಸ್ತಬ್ಧವಾಗುತ್ತದೆ, ನೀಲಿ ಮಾಸದೆ ಉಳಿಯುತ್ತದೆ. ನೀಲಿ ಉಳಿದರೆ ವಿಷವಿದೆ, ಮಾಸಿದರೆ ಹಣ್ಣು ಶುದ್ಧ.

ಈಗ ಅದಕ್ಕೆ ಪನ್ನೀರ್ ದ್ರಾಕ್ಷಿಯ ರಸ ಹಾಕಿ ಯೋಚಿಸಿ. ಕಪ್ಪು ದ್ರಾಕ್ಷಿಯ ಸಿಪ್ಪೆಯ ತುಂಬ ಪಾಲಿಫಿನಾಲ್‌ಗಳು. ಅವೂ ಟಿಎಂಬಿಯ ನೀಲಿಯನ್ನು ಮಾಸಿಸುತ್ತವೆ. ಹಣ್ಣಿನಲ್ಲಿ ವಿಷವಿದ್ದು, ಕಿಣ್ವ ಸ್ತಬ್ಧವಾಗಿದ್ದರೂ ದ್ರಾಕ್ಷಿಯ ಸ್ವಂತ ರಸವೇ ಬಣ್ಣ ಅಳಿಸಿ ಶುದ್ಧ ಎಂಬ ಸರ್ಟಿಫಿಕೇಟ್ ಕೊಟ್ಟುಬಿಡಬಹುದು. ತಪ್ಪುವುದಾದರೆ ಈ ಪರೀಕ್ಷೆ ತಪ್ಪುವುದು ಅಪಾಯದ ದಿಕ್ಕಿಗೇ. ಅಷ್ಟಲ್ಲದೆ ಆ ಕಿಣ್ವವನ್ನು ತಡೆಯುವುದು ಮುಖ್ಯವಾಗಿ ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಔಷಧಿಗಳು. ಶಿಲೀಂಧ್ರನಾಶಕಗಳಲ್ಲಿ ಬಹುಪಾಲು, ಪೈರಿತ್ರಾಯ್ಡ್‌ಗಳು, ನಿಯೋನಿಕೋಟಿನಾಯ್ಡ್‌ಗಳು ಅದರ ಕಣ್ಣಿಗೆ ಬೀಳುವುದಿಲ್ಲ. 2010ರಲ್ಲಿ ಭಾರತದ ದ್ರಾಕ್ಷಿಯನ್ನು ಯುರೋಪ್ ತಿರಸ್ಕರಿಸಿದಾಗ ಸಿಕ್ಕಿಬಿದ್ದದ್ದು ಕ್ಲೋರ್ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕ. ಬೆಳೆಗಾರರು ಬಹಳ ನಷ್ಟ ಅನುಭವಿಸಿದರು. ಆ ವರ್ಷ ಪ್ರತಿ ತೋಟದಲ್ಲೂ ಈ ನೀಲಿ ಪರೀಕ್ಷೆ ಇದ್ದಿದ್ದರೂ ಅವರಿಗೆ ಎಚ್ಚರಿಕೆ ಸಿಗುತ್ತಿರಲಿಲ್ಲ.

ಇಂಗಾಲವೇ ಈ ಕೆಲಸ ಮಾಡುತ್ತಿದೆ ಎಂಬುದಾದರೂ ಖಚಿತವೇ? 2006ರಲ್ಲಿ ಬ್ಯಾಂಕ್ಸ್, ಕಾಂಪ್ಟನ್ ಮತ್ತು ಸಂಗಡಿಗರು, ಇಂಗಾಲದ ನಳಿಗೆಗಳ ಖ್ಯಾತ ವಿದ್ಯುತ್‌ವೇಗವರ್ಧನೆಯಲ್ಲಿ ಕೆಲವಾದರೂ ಅವುಗಳೊಳಗೆ ಉಳಿದ ಲೋಹದ ಕಲ್ಮಶದ್ದು ಎಂದು ತೋರಿಸಿದರು. 2012ರಲ್ಲಿ ಮಾರ್ಟಿನ್ ಪುಮೇರಾ ಅವರ ತಂಡ, ಗ್ರಾಫೈಟಿನಲ್ಲಿದ್ದ ಲೋಹಗಳು ಗ್ರಾಫೀನ್‌ಗೂ ದಾಟಿ ಬರುತ್ತವೆ ಎಂದಿತು. ಗ್ರಾಫೀನ್ ಆಕ್ಸೈಡ್ ತಯಾರಿಕೆಯ ಪ್ರಚಲಿತ ವಿಧಾನವಾದ 1958ರ ಹಮ್ಮರ್ಸ್ ವಿಧಾನದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಸುರಿಯುತ್ತಾರೆ. ಎಷ್ಟು ತೊಳೆದರೂ ಮ್ಯಾಂಗನೀಸ್ ಚೂರುಪಾರು ಉಳಿಯಬಹುದು, ಮ್ಯಾಂಗನೀಸ್ ಪೆರಾಕ್ಸೈಡನ್ನು ಒಡೆಯುವುದರಲ್ಲಿ ನಿಸ್ಸೀಮ. 2020ರಲ್ಲಿ ಪುಮೇರಾ ಮತ್ತು ಸಂಗಡಿಗರು ಗ್ರಾಫೀನ್‌ಗೆ ಹಕ್ಕಿಯ ಹಿಕ್ಕೆ ಬೆರೆಸಿ ಸುಟ್ಟು, ಅದರ ವಿದ್ಯುತ್‌ವೇಗವರ್ಧನೆ ಹೆಚ್ಚಿತೆಂದು ಪ್ರಕಟಿಸಿದರು. ಕೈಗೆ ಸಿಕ್ಕಿದ್ದನ್ನೆಲ್ಲ ಗ್ರಾಫೀನ್‌ಗೆ ಬೆರೆಸಿ ಫಲಿತಾಂಶ ಉತ್ತಮವಾಯಿತು ಎಂದು ಬರೆಯುವ ರೂಢಿಯ ವಿರುದ್ಧ ಅದು ನೇರ ಪ್ರತಿಭಟನೆ. ಜೈವಿಕ ಸಂವೇದಕಗಳ ಜನ ಅದನ್ನು ತಮಗೂ ಹೇಳಿದ್ದೆಂದು ಓದಿಕೊಳ್ಳಬೇಕಿತ್ತು.

ಹೋಲಿಕೆಗಳಲ್ಲೂ ಇದೇ ಅಸಡ್ಡೆ. ಹಾರ್ಸ್‌ರ‍್ಯಾಡಿಶ್ ಬೇರಿನ ಪೆರಾಕ್ಸಿಡೇಸ್‌ಗಿಂತ ನಮ್ಮ ಕಣ ಮೇಲು ಎಂದು ಬರೆಯುತ್ತಾರೆ. ಆ ಕಿಣ್ವದ ಒಂದು ಅಣುವಿನಲ್ಲಿ ಕ್ರಿಯೆ ನಡೆಸುವುದು ಒಂದೇ ಒಂದು ಕಬ್ಬಿಣದ ಪರಮಾಣು. ಒಂದು ಮೈಕ್ರೋಮೀಟರ್ ಚೌಕದ ಗ್ರಾಫೀನ್ ಹಾಳೆಯಲ್ಲಿ ಸುಮಾರು 3.8 ಕೋಟಿ ಇಂಗಾಲದ ಪರಮಾಣುಗಳು. ಒಂದು ಹಾಳೆಗೆ ಒಂದು ಅಣುವನ್ನು ಎದುರು ನಿಲ್ಲಿಸಿ ಗೆದ್ದೆವೆಂದರೆ ಆ ಗೆಲುವಿಗೆ ಬೆಲೆಯಿಲ್ಲ. ಚಟುವಟಿಕೆಯನ್ನು ಅಳೆಯಲು ಏಕರೂಪದ ವಿಧಾನವೊಂದನ್ನು ಚೀನಾದ ಸಂಶೋಧಕರೇ 2018ರಲ್ಲಿ ಮುಂದಿಟ್ಟರು. ನ್ಯಾನೋಜೈಮ್‌ಗಳ ಪರ ಇರುವವರೇ ಈ ಕೊರತೆ ಕಂಡಿದ್ದಾರೆ ಎಂಬುದು ಸಮಾಧಾನದ ವಿಷಯ.

ಇಂಗಾಲಕ್ಕೂ ನ್ಯಾನೋಜೈಮ್‌ಗೂ ರೋಗಪತ್ತೆಯಲ್ಲಿ ಜಾಗವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2015ರಲ್ಲಿ ಯಾನ್ ಅವರ ತಂಡ ಎಬೋಲಾ ಪತ್ತೆಯ ಪಟ್ಟಿಯಲ್ಲಿ ಕಬ್ಬಿಣದ ಆಕ್ಸೈಡ್ ನ್ಯಾನೋಜೈಮನ್ನು ಬಣ್ಣದ ಗುರುತಾಗಿ ಬಳಸಿ, ಚಿನ್ನದ ಕಣದ ಪಟ್ಟಿಗಿಂತ ನೂರು ಪಟ್ಟು ಸೂಕ್ಷ್ಮವಾಗಿಸಿತು. ಅಲ್ಲಿ ವೈರಸ್ಸನ್ನು ಆರಿಸುವ ಹೊಣೆ ಪ್ರತಿಕಾಯದ್ದು, ಕಣಕ್ಕೆ ಬಣ್ಣ ಗಾಢ ಮಾಡುವ ಕೆಲಸ ಮಾತ್ರ. ವೈರಸ್ ಅತ್ಯಲ್ಪವಿರುವುದರಿಂದ ಸೂಕ್ಷ್ಮತೆಗೂ ಅಲ್ಲಿ ಬೆಲೆಯಿದೆ. ಇಂಗಾಲದ ಕಣಗಳಿಗೂ ಅಂಥ ಕಡೆ ಕೆಲಸ ಸಿಗಬಹುದು. ಸ್ವಯಂಸೇವಕಿಯ ಸ್ಟ್ರಿಪ್‌ನ ವಿದ್ಯುದ್ವಾರವೂ ಅನೇಕ ಬ್ರ್ಯಾಂಡ್‌ಗಳಲ್ಲಿ ಇಂಗಾಲದ ಶಾಯಿಯಲ್ಲೇ ಮುದ್ರಿತ. ಕಿಣ್ವ ಆರಿಸುತ್ತದೆ, ಇಂಗಾಲ ವಿದ್ಯುತ್ ಸಾಗಿಸುತ್ತದೆ. ಜಗತ್ತಿನ ಅತಿ ಯಶಸ್ವಿ ಜೈವಿಕ ಸಂವೇದಕ ನಿಂತಿರುವುದು ಈ ಹೊಂದಾಣಿಕೆಯ ಮೇಲೆ.

ಹಾಗಾದರೆ ಆಂಡಿಪಟ್ಟಿಗೆ ಬೇಕಾದ್ದೇನು? ಬಿಸಿಲು ನಿಜವಾದ ಸಮಸ್ಯೆ. ಸ್ಟ್ರಿಪ್‌ಗಳ ಡಬ್ಬಿಯ ಮೇಲೆ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಿ ಎಂದಿರುತ್ತದೆ. ಏಪ್ರಿಲ್‌ನಲ್ಲಿ ಮನೆ ಮನೆ ಸುತ್ತುವ ಚೀಲ ಆ ಮಿತಿಯಲ್ಲಿ ಉಳಿಯುವುದಿಲ್ಲ. ಮುಚ್ಚಳ ಪದೇ ಪದೇ ತೆರೆದರೆ ತೇವ ಸೇರುತ್ತದೆ. ಇದಕ್ಕೆ ದಾರಿಗಳಿವೆ: ಒಂದೊಂದು ಸ್ಟ್ರಿಪ್ಪನ್ನೂ ಬೇರೆ ಬೇರೆ ಫಾಯಿಲ್‌ನಲ್ಲಿ ಕಟ್ಟುವುದು, ಟ್ರೆಹಲೋಸ್‌ನಂಥ ಸಕ್ಕರೆಯಲ್ಲಿ ಕಿಣ್ವವನ್ನು ಒಣಗಿಸಿ ಕಾಪಾಡುವುದು, ಹೆಚ್ಚು ಶಾಖ ತಾಳುವ ಕಿಣ್ವದ ರೂಪಗಳನ್ನು ತಯಾರಿಸುವುದು, ಕಂಟ್ರೋಲ್ ದ್ರಾವಣ ಹಾಕಿ ಮೀಟರನ್ನು ಆಗಾಗ ಪರೀಕ್ಷಿಸುವ ಅಭ್ಯಾಸವನ್ನು ಹಳ್ಳಿಯ ಮಟ್ಟಕ್ಕೆ ತರುವುದು. ಈ ಕೆಲಸಗಳಿಗೆ ಹೊಸ ಹೆಸರಿಲ್ಲ, ದೊಡ್ಡ ನಿಯತಕಾಲಿಕೆಯ ಮುಖಪುಟವಿಲ್ಲ. ಭಾರತ ಸರ್ಕಾರ 2007ರಲ್ಲಿ ಸಾವಿರ ಕೋಟಿ ರೂಪಾಯಿಯ ನ್ಯಾನೋ ಮಿಷನ್ ಆರಂಭಿಸಿತು. ಅಂದಿನಿಂದ ಪ್ರಸ್ತಾವದಲ್ಲಿ ನ್ಯಾನೋ ಎಂದರೆ ಬಾಗಿಲು ಬೇಗ ತೆರೆಯುತ್ತದೆ. ಇಂಗಾಲವನ್ನು ಸಣ್ಣ ಕಾಲೇಜಿನ ಕುಲುಮೆಯಲ್ಲೂ ತಯಾರಿಸಬಹುದು, ನೀಲಿ ಬಣ್ಣವನ್ನು ಸಾಮಾನ್ಯ ಮಾಪಕದಲ್ಲೂ ಅಳೆಯಬಹುದು. ದಕ್ಷಿಣದ ಸಣ್ಣ ಊರುಗಳ ಬಡ ಮನೆಯಿಂದ ಬಂದ ಸಂಶೋಧನಾ ವಿದ್ಯಾರ್ಥಿಗೆ ಪದವಿಗೆ ಪ್ರಬಂಧ ಬೇಕು; ಆ ಹುಡುಗ ಹುಡುಗಿಯರನ್ನು ನಾನು ದೂರುವುದಿಲ್ಲ. ಬಣ್ಣ ಬಂದರೆ ಸಾಕು, ರಕ್ತ ಬೇಡ ಎಂದು ಅವರಿಗೆ ಕಲಿಸಿದ ಮಾರ್ಗದರ್ಶಕರನ್ನು, ಹಾಗೆ ಬರೆದದ್ದನ್ನು ಒಪ್ಪಿದ ಪರಿಶೀಲಕರನ್ನು, ಹಣ ಕೊಟ್ಟು ಫಲ ಕೇಳದ ಸಮಿತಿಗಳನ್ನು ದೂರುತ್ತೇನೆ.

ಗ್ಲೂಕೋಮೀಟರಿಗೆ ಐಎಸ್‌ಒ 15197ರ 2013ರ ಆವೃತ್ತಿಯಲ್ಲಿ ಸ್ಪಷ್ಟ ಅಳತೆಗೋಲಿದೆ. ನೂರಕ್ಕೆ 95 ಫಲಿತಾಂಶಗಳು, ಸಕ್ಕರೆ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ 15 ಮಿಲಿಗ್ರಾಂ ಒಳಗೆ, ಅದಕ್ಕೆ ಮೇಲಿದ್ದರೆ ಶೇ. 15ರೊಳಗೆ ಪ್ರಯೋಗಾಲಯದ ಅಂಕಿಗೆ ಹೊಂದಬೇಕು. ಹಳ್ಳಿಗಾಗಿ ಇಂಗಾಲದ ನ್ಯಾನೋಜೈಮ್ ಎಂದು ಬರೆಯುವ ಪ್ರತಿ ತಂಡವೂ ಆ ಮಾತನ್ನು ಬರೆಯುವ ಮುಂಚೆ ಕಾನಾವಿಲಕ್ಕಿನಂಥ ಆಸ್ಪತ್ರೆಗೆ ಬರಲಿ. ರೋಗಿಗಳ ಒಪ್ಪಿಗೆ ಪಡೆದು, ಬೆರಳಿನ ರಕ್ತವನ್ನು ತೆಳುಮಾಡದೆ ತಮ್ಮ ಸಾಧನಕ್ಕೆ ಹಾಕಲಿ. ಅದೇ ರಕ್ತದ ಅಂಕಿಯನ್ನು ಆಸ್ಪತ್ರೆಯ ಯಂತ್ರದ ಅಂಕಿಯೊಡನೆ ಹೋಲಿಸಿ, ತಪ್ಪಿದವುಗಳನ್ನೂ ಸೇರಿಸಿ ಪೂರ್ತಿ ಕೋಷ್ಟಕವನ್ನು ಪ್ರಕಟಿಸಲಿ. ಅಷ್ಟಾಗುವವರೆಗೆ ಪ್ರಸ್ತಾವಗಳಿಂದ ಆಂಡಿಪಟ್ಟಿಯಂಥ ಊರುಗಳ ಬಡವರ ಹೆಸರನ್ನು ತೆಗೆಯಿರಿ. ಹಣ ಕೊಡುವವರು ಅದನ್ನು ಮೊದಲ ಷರತ್ತಾಗಿ ಬರೆಯಲಿ.